ಹಗೇವಿನ ನಾಡಿನಲ್ಲಿ ಚಹಾ: ಕೊಪ್ಪಳ ಸೀಮೆಯ ಗೃಹಸಂಗ್ರಹ ಪದ್ಧತಿಯ ಒಂದು ವಿವೇಚನೆ

೧. ವಿಷಯ ಮತ್ತು ವ್ಯಾಪ್ತಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳ ಪ್ರದೇಶವು ಕನ್ನಡ ನಾಡಿನ ಇತಿಹಾಸದಲ್ಲಿ ಸಾಮಾನ್ಯವಾದುದಲ್ಲ. ಕವಿರಾಜಮಾರ್ಗವು ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಕೊಪಣನಗರವನ್ನು ಹೆಸರಿಸುತ್ತದೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಕ್ರಿ. ಶ. ೧೧೧೨ರ ಇಟಗಿಯ ಮಹಾದೇವ ದೇವಾಲಯ, ತುಂಗಭದ್ರೆಯ ದಡದ ಆನೆಗೊಂದಿ, ಕುಮಾರರಾಮನ ಕಥೆಯೊಡನೆ ಹೆಣೆದುಕೊಂಡ ಕುಮ್ಮಟದುರ್ಗ ಇವೆಲ್ಲವೂ ವಿದ್ವಾಂಸರ ಗಮನವನ್ನು ಬಹುಕಾಲದಿಂದ ಸೆಳೆದಿವೆ. ಆದರೆ ಶಾಸನಗಳು ದಾನವನ್ನು ಹೇಳುತ್ತವೆ, ದಂಡಯಾತ್ರೆಯನ್ನು ಹೇಳುತ್ತವೆ; ಮನೆಯೊಡತಿಯು ಯಾವ ಪದಾರ್ಥವನ್ನು ಯಾವ ಪಾತ್ರೆಯಲ್ಲಿ ಇಟ್ಟು ಎಷ್ಟು ದಿನ ಕಾಯ್ದಳೆಂಬುದನ್ನು ಹೇಳುವುದಿಲ್ಲ. ಈ ಮೌನದಿಂದಾಗಿ ಗೃಹಜೀವನದ ಇತಿಹಾಸವು ನಮ್ಮಲ್ಲಿ ಹಿಂದುಳಿದಿದೆ.

ಪ್ರಸ್ತುತ ಲೇಖನದಲ್ಲಿ ನಾವು ಒಂದು ಸಣ್ಣ ವಿಷಯವನ್ನು ಎತ್ತಿಕೊಂಡಿದ್ದೇವೆ. ಮನೆಯಲ್ಲಿ ಚಹಾಪುಡಿಯನ್ನು ಕೆಡದಂತೆ ಇಟ್ಟುಕೊಳ್ಳುವ ಬಗೆಯೇ ಆ ವಿಷಯ. ಕಾಳುಕಡಿಗಳ ಸಂಗ್ರಹಣೆಯಲ್ಲಿ ನುರಿತ ಒಂದು ಸೀಮೆಗೆ, ಅಲ್ಲಿ ಬೆಳೆಯದ, ಅಲ್ಲಿಯ ಹಿರಿಯರು ಕಂಡರಿಯದ ಒಂದು ಪದಾರ್ಥವು ಹೊರಗಿನಿಂದ ಬಂದಾಗ, ಹಳೆಯ ಸಂಗ್ರಹವಿದ್ಯೆಯು ಅದಕ್ಕೆ ಎಷ್ಟರ ಮಟ್ಟಿಗೆ ಒದಗಿತು, ಎಲ್ಲಿ ಸೋತಿತು ಎಂಬುದೇ ನಮ್ಮ ಪ್ರಶ್ನೆ. ಈ ಪ್ರಶ್ನೆಯ ಉತ್ತರದಿಂದ ಚಹಾದ ವಿಷಯವಷ್ಟೇ ಅಲ್ಲದೆ ಆ ಹಳೆಯ ವಿದ್ಯೆಯ ಸ್ವರೂಪವೂ ಸ್ಪಷ್ಟವಾಗುವುದೆಂದು ನಮ್ಮ ನಂಬಿಕೆ.

ಈ ನಾಲ್ಕು ತಾಲೂಕುಗಳು ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುವು; ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರಿಯಾಗಿದ್ದಿತು. ೧೯೫೬ರ ನವೆಂಬರ್ ೧ರಂದು ರಾಯಚೂರು ಜಿಲ್ಲೆಯ ಭಾಗವಾಗಿ ಇವು ವಿಶಾಲ ಮೈಸೂರು ರಾಜ್ಯಕ್ಕೆ ಬಂದುವು. ೧೯೯೭ರಲ್ಲಿ ಕೊಪ್ಪಳ ಜಿಲ್ಲೆಯು ಪ್ರತ್ಯೇಕವಾಯಿತು. ಆ ಬಳಿಕ ಕನಕಗಿರಿ, ಕಾರಟಗಿ, ಕುಕನೂರು ತಾಲೂಕುಗಳು ಹೊಸದಾಗಿ ಏರ್ಪಟ್ಟಿದ್ದರೂ ವಿವೇಚನೆಯ ಅನುಕೂಲಕ್ಕಾಗಿ ನಾವು ಹಳೆಯ ನಾಲ್ಕು ತಾಲೂಕುಗಳ ಎಲ್ಲೆಯನ್ನೇ ಇಟ್ಟುಕೊಂಡಿದ್ದೇವೆ.

೨. ಹಳೆಯ ಸಂಗ್ರಹವಿದ್ಯೆ

ಕುಷ್ಟಗಿ ಮತ್ತು ಯಲಬುರ್ಗಾಗಳು ಮಳೆಯನ್ನೇ ನಂಬಿದ ಬೆದ್ದಲು ಸೀಮೆಗಳು. ವರ್ಷಕ್ಕೆ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರು, ಅದೂ ನಿಶ್ಚಿತವಲ್ಲ. ಒಂದು ವರ್ಷ ಬೆಳೆ ಕೈಗೂಡಿದರೆ ಮುಂದಿನ ವರ್ಷ ಕೈಬಿಡಬಹುದು. ೧೮೭೬-೭೮ರ ಮಹಾಕ್ಷಾಮವು ದಕ್ಷಿಣ ಹಿಂದೂಸ್ಥಾನದ ಈ ಒಣಭಾಗವನ್ನೆಲ್ಲ ಹಣ್ಣುಮಾಡಿತು. ಇಂತಹ ನೆಲದಲ್ಲಿ ಬೆಳೆಯುವ ವಿದ್ಯೆಗೆ ಎಷ್ಟು ಬೆಲೆಯೋ ಬೆಳೆದುದನ್ನು ಕಾಯುವ ವಿದ್ಯೆಗೂ ಅಷ್ಟೇ ಬೆಲೆ.

ಆ ವಿದ್ಯೆಯ ಶಿಖರವೆಂದರೆ ಹಗೇವು. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿ, ತಳಕ್ಕೂ ಮಗ್ಗುಲಿಗೂ ಒಣಹುಲ್ಲನ್ನೋ ಜೋಳದ ದಂಟನ್ನೋ ಹೊಟ್ಟನ್ನೋ ಹೊದಿಸಿ, ಕಾಳನ್ನು ಬಾಯಿಯವರೆಗೆ ತುಂಬಿ, ಮೇಲೆ ಕಲ್ಲುಚಪ್ಪಡಿಯನ್ನಿಟ್ಟು ಮಣ್ಣಿನಿಂದ ಮೆತ್ತಿಬಿಡುತ್ತಿದ್ದರು. ಒಳಗೆ ಸಿಕ್ಕಿದ ಅಲ್ಪಸ್ವಲ್ಪ ಗಾಳಿಯಲ್ಲಿಯ ಆಮ್ಲಜನಕವನ್ನು ಕಾಳೂ ಹುಳವೂ ಸೇರಿ ಉಸಿರಾಡಿ ಮುಗಿಸುತ್ತಿದ್ದುವು, ಅಂಗಾರಾಮ್ಲವಾಯು ತುಂಬಿಕೊಳ್ಳುತ್ತಿದ್ದಿತು, ಹುಳವು ಬದುಕುತ್ತಿರಲಿಲ್ಲ. ಹಗೇವಿನ ಬಾಯನ್ನು ತೆರೆದೊಡನೆ ಮನುಷ್ಯನು ಒಳಗಿಳಿಯಬಾರದು, ಮೊದಲು ದೀಪವನ್ನಿಳಿಸಿ ನೋಡಬೇಕು ಎಂಬ ಎಚ್ಚರವೂ ಇದೇ ಕಾರಣದಿಂದ ಹುಟ್ಟಿದ್ದು. ವಾಯುವಿನ ರಸಾಯನವನ್ನು ಓದದೆಯೇ ಅದರ ಫಲವನ್ನು ಚೆನ್ನಾಗಿ ಬಲ್ಲವರಾಗಿದ್ದರು ನಮ್ಮ ಒಕ್ಕಲಿಗರು.

ಮನೆಯೊಳಗಿನ ಸಂಗ್ರಹದ ಕ್ರಮ ಬೇರೆ. ನಿತ್ಯದ ಬಳಕೆಯ ಕಾಳು, ಬೇಳೆ, ಹಿಟ್ಟು, ಖಾರ, ಹುಣಿಸೆಗಳು ಒಂದರ ಮೇಲೊಂದನ್ನು ಪೇರಿಸಿದ ಅಡಕಲಗಡಿಗೆಗಳಲ್ಲಿ ಇರುತ್ತಿದ್ದುವು. ಹಾಲು, ಬೆಣ್ಣೆಗಳು ನೆಲುವಿನ ಮೇಲೆ ತೂಗುತ್ತಿದ್ದುವು. ಉಪ್ಪಿನಕಾಯಿ ಚೀನೀ ಬರಣಿಯಲ್ಲಿ. ಇವನ್ನು ಕಾಯುವ ಉಪಾಯಗಳನ್ನು ನಾವು ನಾಲ್ಕು ವಿಧವಾಗಿ ವಿಂಗಡಿಸಬಹುದು. ಮೊದಲನೆಯದು ಬಿಸಿಲು: ಬೇಸಗೆಯ ಬಿಸಿಲಿಗೆ ಹರವಿ, ಒಣಗಿಸಿ, ಹುಳವನ್ನು ಓಡಿಸುವುದು. ಎರಡನೆಯದು ಹೊಗೆ: ಒಲೆಯ ಮೇಲುಗಡೆ ಬೀಜದ ತೆನೆಯನ್ನು ಕಟ್ಟುವುದು, ಉಪ್ಪಿನಕಾಯಿಯ ಬರಣಿಗೆ ಇಂಗಿನ ಹೊಗೆಯನ್ನು ಹಿಡಿಯುವುದು. ಮೂರನೆಯದು ಲೇಪ ಮತ್ತು ವಾಸನೆ: ತೊಗರಿಗೆ ಕೆಮ್ಮಣ್ಣು, ಬೇಳೆಗೆ ಔಡಲೆಣ್ಣೆ, ಕಾಳಿನ ನಡುವೆ ಬೇವಿನ ತಪ್ಪಲು, ಬೂದಿ. ನಾಲ್ಕನೆಯದು ಮುಚ್ಚಿಗೆ: ಮಣ್ಣಿನಿಂದಲೋ ಬಟ್ಟೆಯಿಂದಲೋ ಬಾಯನ್ನು ಬಿಗಿದು ಗಾಳಿಯನ್ನು ತಡೆಯುವುದು.

ಈ ನಾಲ್ಕರಲ್ಲಿ ಮೊದಲ ಮೂರು ಉಪಾಯಗಳ ಗುರಿ ಮುಖ್ಯವಾಗಿ ಹುಳ ಮತ್ತು ಬೂಷ್ಟು. ಕಾಳಿಗೆ ಬೇವಿನ ವಾಸನೆ ಹತ್ತಿದರೆ ನಷ್ಟವಿಲ್ಲ. ತೊಳೆದರೆ, ಬೇಯಿಸಿದರೆ ಹೋಗುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಕೋರುತ್ತೇವೆ. ಮುಂದಿನ ವಿವೇಚನೆಯೆಲ್ಲ ಇದನ್ನೇ ಆಧರಿಸಿದೆ.

೩. ಚಹಾದ ಆಗಮನ

ಚಹಾ ಗಿಡವು ಅಸ್ಸಾಮಿನ ಕಾಡಿನಲ್ಲಿ ಬೆಳೆಯುವುದನ್ನು ರಾಬರ್ಟ್ ಬ್ರೂಸನು ೧೮೨೩ರಲ್ಲಿ ತಿಳಿದುಕೊಂಡನೆಂಬುದೂ ೧೮೩೯ರಲ್ಲಿ ಅಸ್ಸಾಮ್ ಕಂಪನಿಯು ಸ್ಥಾಪನೆಯಾಯಿತೆಂಬುದೂ ಪ್ರಸಿದ್ಧ ಸಂಗತಿಗಳು. ಆದರೆ ಆ ಶತಮಾನದುದ್ದಕ್ಕೂ ಬೆಳೆದ ಚಹಾದ ಬಹುಭಾಗವು ಹಡಗನ್ನೇರಿ ಇಂಗ್ಲೆಂಡಿಗೆ ಹೋಯಿತು. ಹಿಂದೂಸ್ಥಾನದ ಜನಸಾಮಾನ್ಯರಿಗೆ ಚಹಾವನ್ನು ಕುಡಿಯಲು ಕಲಿಸುವ ಕಾರ್ಯವು ವ್ಯವಸ್ಥಿತವಾಗಿ ನಡೆದುದು ಇಪ್ಪತ್ತನೆಯ ಶತಮಾನದಲ್ಲಿ. ೧೯೦೩ರ ಕಾನೂನಿನಂತೆ ರಫ್ತಾಗುವ ಚಹಾದ ಮೇಲೆ ಒಂದು ಕರವನ್ನು ಹಾಕಿ ಆ ಹಣದಿಂದ ಪ್ರಚಾರವನ್ನು ಕೈಕೊಂಡರು. ಸಂತೆಯಲ್ಲಿ, ಕಾರಖಾನೆಯಲ್ಲಿ, ರೈಲು ನಿಲ್ದಾಣದಲ್ಲಿ ಚಹಾ ಕಾಸಿ ತೋರಿಸಿದರು. ಒಂದು ಕಾಸಿಗೆ ಒಂದು ಪೊಟ್ಟಣವನ್ನು ಮಾರಿದರು. ಚಹಾ ಮಾಡುವ ಕ್ರಮವನ್ನು ದೇಶಭಾಷೆಗಳಲ್ಲಿ ಬರೆದ ಎನಾಮಲ್ ಫಲಕಗಳನ್ನು ನಿಲ್ದಾಣಗಳಲ್ಲಿ ನೆಟ್ಟರು. ೧೯೫೩ರ ಚಹಾ ಕಾಯಿದೆಯಂತೆ ಮರುವರ್ಷ ರಚಿತವಾದ ಚಹಾ ಮಂಡಳಿಯು ಈ ಪ್ರಚಾರದ ಉತ್ತರಾಧಿಕಾರಿಯಾಯಿತು.

ನಮ್ಮ ಸೀಮೆಗೆ ಚಹಾ ಬಂದ ದಾರಿಗಳನ್ನು ಭೂಗೋಲವೇ ತೋರಿಸಿಕೊಡುತ್ತದೆ. ೧೮೮೦ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆಯ ಹಳಿಯು ಗದಗಿನಿಂದ ಕೊಪ್ಪಳದ ಮೇಲಾಗಿ ಹೊಸಪೇಟೆ, ಬಳ್ಳಾರಿ, ಗುಂತಕಲ್ಲುಗಳ ಕಡೆಗೆ ಸಾಗಿತು. ಹೀಗೆ ಪಶ್ಚಿಮಕ್ಕೆ ಮುಂಬಯಿ ಪ್ರಾಂತ, ದಕ್ಷಿಣಕ್ಕೆ ನದಿಯಾಚೆ ಮದರಾಸು ಪ್ರಾಂತ, ಇವುಗಳ ನಡುವೆ ನಿಜಾಮರ ಸೀಮೆ. ಎರಡೂ ಕಡೆಯಿಂದ ಬರುವ ಸರಕು ಸಂಸ್ಥಾನದ ಗಡಿಯಲ್ಲಿ ಕರೋಡಗಿರಿ ಎಂಬ ಸುಂಕವನ್ನು ತೆರಬೇಕಾಗಿದ್ದಿತು. ೧೮೦೨ರ ವಾಣಿಜ್ಯ ಒಪ್ಪಂದದಲ್ಲಿ ಅದರ ಪ್ರಮಾಣವು ಶೇಕಡ ೫ ಎಂದು ನಿಗದಿಯಾಗಿದ್ದಿತು. ಮೂರನೆಯ ದಾರಿ ಹೈದರಾಬಾದು ನಗರದ್ದು. ಇರಾಣಿ ಹೋಟೆಲುಗಳ ಆ ನಗರಕ್ಕೆ ಕಚೇರಿಯ ಕೆಲಸಕ್ಕಾಗಿ, ವ್ಯಾಜ್ಯಕ್ಕಾಗಿ, ವಿದ್ಯಾಭ್ಯಾಸಕ್ಕಾಗಿ ಹೋಗಿಬಂದವರು ಚಹಾದ ರೂಢಿಯನ್ನೂ ಹೊತ್ತುತಂದರೆಂದು ಭಾವಿಸುವುದು ಅಸಂಗತವಲ್ಲ. ಹಳೆಯ ಮೈಸೂರಿನವರು ಕಾಫಿಯನ್ನು ಆತಿಥ್ಯದ ಗುರುತಾಗಿ ಮಾಡಿಕೊಂಡರೆ ಇಲ್ಲಿ ಆ ಸ್ಥಾನವು ಚಹಾಕ್ಕೆ ದೊರೆತುದು ಈ ನೆರೆಹೊರೆಯ ಫಲವೇ.

ಕೊಪ್ಪಳಕ್ಕೆ ರೈಲು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಂದರೂ ಗಂಗಾವತಿಗೆ ಬಂದುದು ೨೦೧೯ರಲ್ಲಿ. ಕುಷ್ಟಗಿಗೆ ಇನ್ನೂ ತಡವಾಗಿ. ಆದುದರಿಂದ ಒಳನಾಡಿನ ಊರುಗಳಿಗೆ ಚಹಾ ತಲಪುತ್ತಿದ್ದುದು ಬಂಡಿಯಿಂದ, ಆಮೇಲೆ ಮೋಟಾರಿನಿಂದ. ತೋಟದಿಂದ ಹರಾಜಿಗೆ, ಹರಾಜಿನಿಂದ ಕಂಪನಿಯ ಉಗ್ರಾಣಕ್ಕೆ, ಅಲ್ಲಿಂದ ಪೇಟೆಯ ಸಾಹುಕಾರನ ಅಂಗಡಿಗೆ, ಅಲ್ಲಿಂದ ಹಳ್ಳಿಯ ಗೂಡಂಗಡಿಗೆ ಬರುವಷ್ಟರಲ್ಲಿ ಚಹಾಕ್ಕೆ ತಿಂಗಳುಗಳ ಪ್ರಾಯವಾಗಿರುತ್ತಿದ್ದಿತು. ಮನೆಯಲ್ಲಿ ಇಡುವ ಪ್ರಶ್ನೆ ಏಳುವುದು ಇಷ್ಟು ಪ್ರಯಾಣವಾದ ಮೇಲೆ.

೪. ಚಹಾದ ಸ್ವಭಾವ

ಚಹಾ ಹಾಳಾಗುವ ಬಗೆ ಕಾಳು ಹಾಳಾಗುವ ಬಗೆಯಂತಲ್ಲ. ಚೆನ್ನಾಗಿ ಒಣಗಿದ ಕರಿಚಹಾಕ್ಕೆ ಹುಳ ಬೀಳುವುದು ವಿರಳ. ಅದಕ್ಕೆ ಶತ್ರುಗಳು ನಾಲ್ಕು: ತೇವ, ಗಾಳಿ, ಬೆಳಕು, ಪರವಾಸನೆ. ಕಾರಖಾನೆಯಲ್ಲಿ ಒಣಗಿಸಿ ತೆಗೆಯುವಾಗ ಅದರಲ್ಲಿ ನೀರಿನ ಅಂಶ ಸುಮಾರು ಶೇಕಡ ೩ ಮಾತ್ರ. ಇಷ್ಟು ಒಣಗಿದ ಪದಾರ್ಥವು ಸುತ್ತಣ ಗಾಳಿಯ ತೇವವನ್ನು ತಾನಾಗಿ ಹೀರುತ್ತದೆ. ನೀರಿನ ಅಂಶವು ಇಮ್ಮಡಿಯಾದರೆ ಸಾಕು, ಚಹಾದ ಚುರುಕು ಕುಗ್ಗಿ ಕಷಾಯವು ಸಪ್ಪೆಯಾಗುತ್ತದೆ; ಇನ್ನೂ ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಬೆಳಕು ಬಿದ್ದರೆ ಒಂದು ಬಗೆಯ ಅಹಿತವಾದ ರುಚಿಯುಂಟಾಗುತ್ತದೆ. ಕಾವಿಗೆ ಪರಿಮಳವು ಹಾರಿಹೋಗುತ್ತದೆ.

ಪರವಾಸನೆಯನ್ನು ಹೀರುವ ಗುಣವನ್ನು ಚೀನೀಯರು ಲಾಭಕ್ಕೆ ತಿರುಗಿಸಿಕೊಂಡರು. ಮಲ್ಲಿಗೆಯ ಹೂಗಳೊಡನೆ ಪದರಪದರವಾಗಿ ಹಾಕಿಟ್ಟು ಮಲ್ಲಿಗೆಚಹಾವನ್ನು ಮಾಡುವುದು ಅವರ ಪದ್ಧತಿ. ದೇವದಾರುವಿನ ಜಾತಿಯ ಮರದ ಹೊಗೆಯಲ್ಲಿ ಒಣಗಿಸಿದ ಚಹಾವೂ ಅವರಲ್ಲುಂಟು. ಹೂವಿನ ಪರಿಮಳವನ್ನು ಇಷ್ಟು ಸುಲಭವಾಗಿ ಹೀರುವ ಪದಾರ್ಥವು ಇಂಗಿನ ವಾಸನೆಯನ್ನೂ ಅಷ್ಟೇ ಸುಲಭವಾಗಿ ಹೀರುವುದೆಂಬುದು ಹೇಳದೆಯೇ ತಿಳಿಯುವ ಮಾತು.

ಎಂಟನೆಯ ಶತಮಾನದಲ್ಲಿ ಲು ಯು ಎಂಬ ಚೀನೀ ಗ್ರಂಥಕಾರನು ಚಹಾವನ್ನು ಕುರಿತು ಬರೆದ ಶಾಸ್ತ್ರಗ್ರಂಥದಲ್ಲಿ, ಚಹಾವನ್ನು ಇಡುವುದಕ್ಕಾಗಿಯೇ ಒಂದು ಪೆಟ್ಟಿಗೆಯನ್ನು ವರ್ಣಿಸಿದ್ದಾನೆ. ಮರದ ಚೌಕಟ್ಟು, ಬಿದಿರಿನ ಹೆಣಿಗೆ, ಮೇಲೆ ಕಾಗದದ ಹೊದಿಕೆ. ಒಳಗೆ ಬೂದಿ ಮುಚ್ಚಿದ ಕೆಂಡದ ಪಾತ್ರೆ. ಮಳೆಗಾಲದ ತೇವವನ್ನು ಮೆಲ್ಲಗಿನ ಕಾವಿನಿಂದ ಓಡಿಸುವುದೇ ಅದರ ಉದ್ದೇಶ. ಜಪಾನಿನಲ್ಲಿ ಹೊಸ ಚಹಾವನ್ನು ಮಣ್ಣಿನ ದೊಡ್ಡ ಜಾಡಿಗಳಲ್ಲಿ ತುಂಬಿ ಮುದ್ರೆ ಹಾಕಿಟ್ಟು, ಚಳಿಗಾಲದ ಮೊದಲಲ್ಲಿ ಮುದ್ರೆಯೊಡೆಯುವ ಸಂಪ್ರದಾಯವಿದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಚಹಾ ಬಲು ದುಬಾರಿಯಾಗಿದ್ದುದರಿಂದ ಅದರ ಪೆಟ್ಟಿಗೆಗೆ ಬೀಗವಿರುತ್ತಿದ್ದಿತು. ಬೀಗದ ಕೈ ಮನೆಯೊಡತಿಯ ಬಳಿ. ತೋಟಗಳಿಂದ ಹೊರಡುವ ಚಹಾವನ್ನು ಮರದ ಹಲಗೆಯ ಪೆಟ್ಟಿಗೆಗಳಲ್ಲಿ, ಒಳಗೆ ಮೊದಲು ಸೀಸದ ತಗಡನ್ನೂ ಆಮೇಲಿನ ಕಾಲದಲ್ಲಿ ಅಲ್ಯೂಮಿನಿಯಂ ತಗಡನ್ನೂ ಹೊದಿಸಿ ಕಟ್ಟುತ್ತಿದ್ದರು. ದೇಶ ಬೇರೆ, ಕಾಲ ಬೇರೆ. ಆದರೂ ಇವೆಲ್ಲವುಗಳ ಸಾರವೊಂದೇ: ಒಣಗಿಸು, ಮುಚ್ಚು, ಒಂಟಿಯಾಗಿಡು.

೫. ಹಳೆಯ ವಿದ್ಯೆ ಮತ್ತು ಹೊಸ ಪದಾರ್ಥ

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಮ್ಮ ಮನೆಗಳ ನಾಲ್ಕು ಉಪಾಯಗಳನ್ನು ಚಹಾದ ನಾಲ್ಕು ಶತ್ರುಗಳ ಎದುರಿಗೆ ನಿಲ್ಲಿಸಿ ನೋಡಿದರೆ ಒಂದು ಸ್ವಾರಸ್ಯವಾದ ಸಂಗತಿ ಹೊರಪಡುತ್ತದೆ. ಬಿಸಿಲು ಕಾಳಿಗೆ ಮಿತ್ರ, ಚಹಾಕ್ಕೆ ವೈರಿ. ತೇವವಾದ ಚಹಾಪುಡಿಯನ್ನು ಮೊರದಲ್ಲಿ ಹರವಿ ಅಂಗಳದಲ್ಲಿಟ್ಟರೆ ತೇವ ಹೋಗುತ್ತದೆ ನಿಜ. ಅದರೊಡನೆ ಪರಿಮಳವೂ ಹೋಗುತ್ತದೆ, ಬೆಳಕಿನ ದೋಷವೂ ಸೇರುತ್ತದೆ. ಹೊಗೆ ಬೀಜದ ತೆನೆಗೆ ರಕ್ಷೆ, ಚಹಾಕ್ಕೆ ಕೇಡು. ಬೇವು, ಇಂಗು, ಔಡಲೆಣ್ಣೆಗಳು ಬೇಳೆಯನ್ನು ಕಾಯುತ್ತವೆ, ಚಹಾವನ್ನು ಕೆಡಿಸುತ್ತವೆ. ಹೀಗೆ ನಾಲ್ಕರಲ್ಲಿ ಮೂರು ಉಪಾಯಗಳು ಚಹಾದ ಮಟ್ಟಿಗೆ ತಲೆಕೆಳಗಾದುವು.

ಈ ವಿರೋಧವು ಅತ್ಯಂತ ಸ್ಪಷ್ಟವಾಗಿ ಕಾಣುವುದು ಒಲೆಯ ಬಳಿಯ ಗೂಡಿನಲ್ಲಿ. ಮಣ್ಣಿನ ಗೋಡೆಯ ಆ ಗೂಡು ಮನೆಯಲ್ಲೆಲ್ಲ ಒಣಗಿದ ಸ್ಥಳ. ಉಪ್ಪು ನೀರೊಡೆಯದಂತೆ, ಬೆಂಕಿಪೆಟ್ಟಿಗೆ ಮೆದುವಾಗದಂತೆ ಅಲ್ಲಿಡುವುದು ಬುದ್ಧಿವಂತಿಕೆಯೇ. ಚಹಾಪುಡಿಯೂ ಕೈಗೆ ಸಿಗುವಂತೆ ಅಲ್ಲಿಯೇ ನೆಲೆಗೊಂಡಿತು. ತೇವದ ದೃಷ್ಟಿಯಿಂದ ಆ ಸ್ಥಳವು ಲು ಯು ಹೇಳಿದ ಕೆಂಡದ ಪೆಟ್ಟಿಗೆಗೆ ಸಮಾನವೆನ್ನಬಹುದು. ಆದರೆ ಚೀನೀಯನ ಪೆಟ್ಟಿಗೆಯಲ್ಲಿ ಬೂದಿ ಮುಚ್ಚಿದ ಕೆಂಡವಿದ್ದರೆ ಇಲ್ಲಿ ಉರಿಯುವ ಸೌದೆ, ಹತ್ತಿಕಟಿಗೆ, ಕುಳ್ಳುಗಳ ಹೊಗೆಯಿದ್ದಿತು. ಪಕ್ಕದಲ್ಲಿಯೇ ಒಗ್ಗರಣೆಯ ಘಾಟು. ಡಬ್ಬಿಯ ಮುಚ್ಚಳವು ಸಡಿಲವಾಗಿದ್ದರೆ ಒಂದು ವಾರದೊಳಗೆ ಚಹಾವು ಅಡಿಗೆಮನೆಯ ವಾಸನೆಯನ್ನೆಲ್ಲ ಕೂಡಿಸಿಕೊಳ್ಳುತ್ತಿದ್ದಿತು.

ನಾಲ್ಕನೆಯ ಉಪಾಯವಾದ ಮುಚ್ಚಿಗೆಯೊಂದೇ ಚಹಾಕ್ಕೆ ಒದಗಿದ್ದು. ಹಗೇವಿನ ತತ್ತ್ವವೇ ಚಹಾದ ಡಬ್ಬಿಯ ತತ್ತ್ವ: ಬಾಯಿಯವರೆಗೆ ತುಂಬು, ಖಾಲಿ ಜಾಗದಲ್ಲಿ ಗಾಳಿಯನ್ನು ಉಳಿಸಬೇಡ, ಬಾಯನ್ನು ಬಿಗಿ, ಬೇಕಾದಾಗಲ್ಲದೆ ತೆರೆಯಬೇಡ. ದೊಡ್ಡ ಹಗೇವನ್ನು ಪದೇಪದೇ ತೆರೆಯದೆ, ಒಮ್ಮೆ ತೆರೆದಾಗ ಬೇಕಾದಷ್ಟನ್ನು ಹೊರತೆಗೆದು ಗಡಿಗೆಗಳಲ್ಲಿ ಇಟ್ಟುಕೊಳ್ಳುವುದು ರೂಢಿ. ಇದೇ ಕ್ರಮದಲ್ಲಿ ಚಹಾಕ್ಕೆ ಎರಡು ಡಬ್ಬಿಗಳನ್ನಿಡುವ ಜಾಣತನವನ್ನು ಹಲವು ಮನೆಗಳಲ್ಲಿ ಕಾಣುತ್ತೇವೆ. ದೊಡ್ಡದೊಂದು ಒಳಕೋಣೆಯಲ್ಲಿ ಬಿಗಿಯಾಗಿ ಮುಚ್ಚಿರುತ್ತದೆ. ಸಣ್ಣದೊಂದು ಒಲೆಯ ಬಳಿ ದಿನಬಳಕೆಗಿರುತ್ತದೆ. ಇದನ್ನು ಯಾವ ಕಂಪನಿಯ ಪ್ರಚಾರಕನೂ ಕಲಿಸಬೇಕಾಗಿರಲಿಲ್ಲ.

ಪಾತ್ರೆಯ ವಿಷಯದಲ್ಲಿ ಮಾತ್ರ ತೊಡಕುಂಟಾಯಿತು. ಮಣ್ಣಿನ ಗಡಿಗೆಯ ಮೈಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ನೀರನ್ನು ತಂಪಾಗಿಡುವ ಆ ಗುಣವೇ ಚಹಾಕ್ಕೆ ದೋಷ. ಗಾಳಿಯ ತೇವ ಒಳಸೇರುತ್ತದೆ. ಚೀನೀ ಬರಣಿಯ ಮೈ ನುಣುಪಾಗಿದ್ದು ತೇವವನ್ನು ತಡೆಯುವುದರಿಂದ ಚಹಾಕ್ಕೆ ಉತ್ತಮ; ಆದರೆ ಹಿಂದೆ ಉಪ್ಪಿನಕಾಯಿಯಿದ್ದ ಬರಣಿಯಾಗಿರಬಾರದು. ತಗಡಿನ ಡಬ್ಬಿಗಳು ಬಂದ ಮೇಲೆ ಅನುಕೂಲ ಹೆಚ್ಚಿತು. ಬಿಸ್ಕೀಟಿನ ಡಬ್ಬಿ, ಡಾಲ್ಡಾ ಡಬ್ಬಿ, ಚಹಾ ಕಂಪನಿಗಳ ತಮ್ಮವೇ ಆದ ಡಬ್ಬಿಗಳು ಖಾಲಿಯಾದ ಮೇಲೆ ಮನೆಯಲ್ಲಿ ಎರಡನೆಯ ಜನ್ಮವನ್ನು ಪಡೆದುವು. ಯಾವುದನ್ನೂ ಎಸೆಯದ ಮಿತವ್ಯಯವು ಇಲ್ಲಿ ಸ್ತುತ್ಯವಾದರೂ, ಎಣ್ಣೆತುಪ್ಪಗಳಿದ್ದ ಡಬ್ಬಿಯ ಸಂದಿಯಲ್ಲಿ ಉಳಿದ ಜಿಡ್ಡು ಕಮಟಿ ಚಹಾಕ್ಕೆ ತನ್ನ ವಾಸನೆಯನ್ನು ಕೊಡುತ್ತಿದ್ದಿತು. ಹಾರ್ಲಿಕ್ಸಿನ ಗಾಜಿನ ಸೀಸೆಯು ಮುಚ್ಚಳದಲ್ಲಿ ಬಿಗಿಯಾದರೂ ಬೆಳಕನ್ನು ತಡೆಯಲಿಲ್ಲ. ಆಮೇಲೆ ಮನೆಮನೆಗೆ ಬಂದ ಸ್ಟೀಲಿನ ಡಬ್ಬಿಯು ವಾಸನೆಯನ್ನು ಹಿಡಿಯದ, ಬೆಳಕನ್ನು ಬಿಡದ ಪಾತ್ರೆಯಾದುದರಿಂದ ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿತು. ಪ್ಲಾಸ್ಟಿಕ್ಕಿನ ಡಬ್ಬಿಗಳಲ್ಲಿ ಹಿಂದಿನ ಪದಾರ್ಥದ ವಾಸನೆ ಉಳಿಯುವುದುಂಟು. ಚಹಾದ ಡಬ್ಬಿಯನ್ನು ಮೊದಲಿನಿಂದಲೂ ಚಹಾಕ್ಕೇ ಮೀಸಲಿಡಬೇಕೆಂಬ ನಿಯಮವು ಹೀಗೆ ಕ್ರಮೇಣ ಅನುಭವದಿಂದ ಮೂಡಿತು. ಕಾಳಿನ ಗಡಿಗೆಗಳು ಋತುವಿಗೆ ತಕ್ಕಂತೆ ಪದಾರ್ಥವನ್ನು ಬದಲಿಸುತ್ತಿದ್ದ ಮನೆಯಲ್ಲಿ ಇದೊಂದು ಹೊಸ ಕಲ್ಪನೆಯೇ ಸರಿ.

೬. ಬೆದ್ದಲು ಮತ್ತು ನೀರಾವರಿ

ನಾಲ್ಕು ತಾಲೂಕುಗಳ ಹವೆಯೂ ಒಂದೇ ಬಗೆಯದಲ್ಲ. ತುಂಗಭದ್ರಾ ಅಣೆಕಟ್ಟಿನ ಕೆಲಸವು ೧೯೪೫ರಲ್ಲಿ ಆರಂಭವಾಗಿ ೧೯೫೩ರಲ್ಲಿ ನೀರು ನಿಂತಿತು. ಕೊಪ್ಪಳ ತಾಲೂಕಿನ ಮುನಿರಾಬಾದಿನಿಂದ ಹೊರಡುವ ಎಡದಂಡೆಯ ಕಾಲುವೆಯು ಗಂಗಾವತಿಯ ಸೀಮೆಯನ್ನು ಭತ್ತದ ನಾಡನ್ನಾಗಿ ಮಾರ್ಪಡಿಸಿತು. ಆಂಧ್ರದ ಕಡೆಯಿಂದ ಬಂದ ರೈತರು ಕಾಲುವೆಯುದ್ದಕ್ಕೂ ನೆಲಸಿ ಕ್ಯಾಂಪುಗಳನ್ನು ಕಟ್ಟಿದರು. ಅಕ್ಕಿಯ ಗಿರಣಿಗಳು ಎದ್ದುವು. ಯಲಬುರ್ಗಾ ಮತ್ತು ಕುಷ್ಟಗಿಗಳ ಬಹುಭಾಗವು ಮಾತ್ರ ಜೋಳ, ಸಜ್ಜೆ, ಕಡಲೆಗಳ ಬೆದ್ದಲಾಗಿಯೇ ಉಳಿಯಿತು.

ಈ ಭೇದವು ಚಹಾದ ಡಬ್ಬಿಯವರೆಗೂ ಮುಟ್ಟುತ್ತದೆ. ಕುಷ್ಟಗಿಯ ಬೇಸಗೆಯ ಒಣಗಾಳಿಯಲ್ಲಿ ಸಡಿಲ ಮುಚ್ಚಳದ ಅಪರಾಧವು ಕೆಲವು ಕಾಲ ಮರೆಯಾಗಿರುತ್ತದೆ. ಅಲ್ಲಿ ಚಹಾ ಕೆಟ್ಟರೆ ಕಾವಿನಿಂದ, ಹೊಗೆಯಿಂದ. ಗಂಗಾವತಿಯ ನೀರುಗದ್ದೆಗಳ ನಡುವಿನ ಮನೆಗಳಲ್ಲಿ, ಮಳೆಗಾಲದಲ್ಲಿ ವಿಶೇಷವಾಗಿ, ತೇವವೇ ಮೊದಲ ಶತ್ರು. ಬೆದ್ದಲಿನ ಸೊಸೆಯು ನೀರಾವರಿಯ ಮನೆಗೆ ಬಂದಾಗ ತವರಿನ ರೂಢಿಯಂತೆ ಡಬ್ಬಿಯನ್ನು ಇಟ್ಟರೆ ಪುಡಿಯು ಮೆದುವಾಗುವುದನ್ನು ಕಾಣುತ್ತಾಳೆ. ಹಗೇವಿನ ಕತೆಯೂ ಇದೇ. ನೀರು ಹರಿದ ನೆಲದಲ್ಲಿ ಹಗೇವು ನಿಲ್ಲಲಾರದು. ನೆಲವೇ ಒಸರಿ ಕಾಳು ಮುಗ್ಗುತ್ತದೆ. ಕಾಲುವೆಯು ಅನ್ನವನ್ನು ಕೊಟ್ಟಿತು, ಹಗೇವನ್ನು ಕಿತ್ತುಕೊಂಡಿತು. ಸಂಗ್ರಹದ ವಿದ್ಯೆಯೆಂಬುದು ನೆಲಕ್ಕೂ ಹವೆಗೂ ಕಟ್ಟುಬಿದ್ದುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಕಾಗಿಲ್ಲ.

ಚಹಾದ ಆಕಾರವೂ ಈ ಮಧ್ಯೆ ಬದಲಾಯಿತು. ೧೯೩೦ರಲ್ಲಿ ಅಸ್ಸಾಮಿನ ಅಮ್ಗುರಿ ತೋಟದಲ್ಲಿ ಮೆಕರ್ಚರನು ಕಂಡುಹಿಡಿದ ಸಿ. ಟಿ. ಸಿ. ಯಂತ್ರವು ಎಲೆಯನ್ನು ಜಜ್ಜಿ, ಹರಿದು, ಸುರುಳಿಸಿ ಸಣ್ಣ ಕಾಳುಗಳನ್ನಾಗಿ ಮಾಡುತ್ತದೆ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಈ ಬಗೆಯ ಚಹಾವೇ ದೇಶದ ಪೇಟೆಯನ್ನೆಲ್ಲ ಆವರಿಸಿತು. ದಕ್ಷಿಣದವರಿಗೆ ಇನ್ನೂ ಸಣ್ಣದಾದ ಪುಡಿಯೇ ಪ್ರಿಯ. ಕಡುಬಣ್ಣದ ಕಷಾಯ ಬೇಗ ಇಳಿಯುವುದು ಇದರ ಗುಣ. ಆದರೆ ಕಣವು ಸಣ್ಣದಾದಷ್ಟೂ ಗಾಳಿಗೆ ಒಡ್ಡಿಕೊಳ್ಳುವ ಮೈ ಹೆಚ್ಚು. ಆದುದರಿಂದ ಇಡಿಯೆಲೆಗಿಂತ ಪುಡಿಯು ಬೇಗ ಸಪ್ಪೆಯಾಗುತ್ತದೆ. ಅಗ್ಗವಾದ ಚಹಾಕ್ಕೇ ಹೆಚ್ಚಿನ ಜೋಪಾನ ಬೇಕಾದುದು ವಿಪರ್ಯಾಸವಾದರೂ ಸತ್ಯ.

೭. ಡಬ್ಬಿಯಿಲ್ಲದವರ ಚಹಾ

ಇದುವರೆಗೆ ನಾವು ಹೇಳಿದುದೆಲ್ಲ ಡಬ್ಬಿಯಿದ್ದವರ ಮಾತು. ಡಬ್ಬಿಯನ್ನು ತುಂಬಬೇಕಾದರೆ ಒಮ್ಮೆಗೇ ಕಾಲು ಸೇರೋ ಅರ್ಧ ಸೇರೋ ಕೊಳ್ಳುವಷ್ಟು ಹಣ ಕೈಯಲ್ಲಿರಬೇಕು. ಕೂಲಿಯು ಕಾಳಿನಲ್ಲಿ ದೊರೆಯುತ್ತಿದ್ದ ಕಾಲದಲ್ಲಿ ಅಂತಹ ಹಣ ಯಾರ ಬಳಿ ಇದ್ದಿತು? ದುಡಿಯುವ ಜನರ ಚಹಾವು ಸಂತೆಯ ದಿನದ ಪುಡಿಕೆಯಲ್ಲಿ, ಅಂಗಡಿಯ ಉದ್ರಿಯಲ್ಲಿ, ಆ ಹೊತ್ತಿನ ಬೆಲ್ಲದೊಡನೆ ಆ ಹೊತ್ತಿಗೇ ಮುಗಿಯುತ್ತಿದ್ದಿತು. ಈ ಮನೆಗಳಲ್ಲಿ ಸಂಗ್ರಹದ ಪ್ರಶ್ನೆಯೇ ಏಳಲಿಲ್ಲವೆಂದು ಮೇಲುನೋಟಕ್ಕೆ ತೋರಬಹುದು. ವಾಸ್ತವವಾಗಿ ಸಂಗ್ರಹದ ಹೊಣೆಯು ಮನೆಯಿಂದ ಅಂಗಡಿಗೆ ವರ್ಗವಾಗಿದ್ದಿತು. ಅಂಗಡಿಕಾರನ ಡಬ್ಬಿ ಹೇಗಿದ್ದಿತೋ ಬಡವನ ಚಹಾ ಹಾಗೆ. ಒಂದೇ ಛಾವಣಿಯ ಕೆಳಗೆ ಘಾಸಲೇಟು, ಸಾಬೂನು, ಒಣಮೆಣಸಿನಕಾಯಿ, ಬೀಡಿಗಳಿದ್ದ ಅಂಗಡಿಯಲ್ಲಿ ತೆರೆದಿಟ್ಟ ಚಹಾವನ್ನು ಕಾಗದದಲ್ಲಿ ಕಟ್ಟಿಕೊಟ್ಟರೆ ಕೊಂಡವನು ಆರಿಸುವ ಸ್ವಾತಂತ್ರ್ಯವೆಲ್ಲಿ?

ಬಿಡಿ ಚಹಾದಲ್ಲಿ ಕಲಬೆರಕೆಯ ಭಯವೂ ಸೇರಿದ್ದಿತು. ಒಮ್ಮೆ ಕುದಿಸಿ ಒಣಗಿಸಿದ ಚರಟಕ್ಕೆ ಬಣ್ಣ ಕಟ್ಟಿ ಮಾರುವುದು ಹಳೆಯ ಮೋಸ. ೧೯೫೪ರ ಆಹಾರ ಕಲಬೆರಕೆ ತಡೆ ಕಾಯಿದೆಯೂ ಅದರ ಸ್ಥಾನದಲ್ಲಿ ಬಂದ ೨೦೦೬ರ ಆಹಾರ ಸುರಕ್ಷತಾ ಕಾಯಿದೆಯೂ ಇದನ್ನು ನಿಷೇಧಿಸಿವೆ. ೧೯೭೭ರ ನಿಯಮಗಳಿಂದ ಪೊಟ್ಟಣದ ಮೇಲೆ ಕಟ್ಟಿದ ತಿಂಗಳು ಮತ್ತು ವರ್ಷವನ್ನು ಮುದ್ರಿಸುವುದು ಕಡ್ಡಾಯವಾಯಿತು. ೨೦೧೧ರ ನಿಯಮಗಳು ಅದನ್ನು ಮುಂದುವರಿಸಿದುವು. ಸಣ್ಣದಾಗಿ ಕಾಣುವ ಈ ಏರ್ಪಾಡು ನಮ್ಮ ದೃಷ್ಟಿಯಲ್ಲಿ ದೊಡ್ಡದು. ಚಹಾದ ಪ್ರಾಯವನ್ನು ಕೊಳ್ಳುವವನು ತಿಳಿಯುವಂತಾದುದು ಆಗಲೇ. ಬೆರಳಗಲದ ಚಿಕ್ಕ ಪೊಟ್ಟಣಗಳು ಬಂದ ಮೇಲೆ ಕೂಲಿಯವನ ಚಹಾವೂ ಮುದ್ರೆಯೊಡೆಯದೆ ಮನೆಗೆ ಬಂದಿತು. ಆದರೆ ಆ ಅಕ್ಷರಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಇರುವುದರಿಂದ ಅವುಗಳ ಪ್ರಯೋಜನವು ಕನ್ನಡವನ್ನಷ್ಟೇ ಬಲ್ಲ ಮನೆಯೊಡತಿಗೆ ಪೂರ್ಣವಾಗಿ ಸಲ್ಲುತ್ತಿಲ್ಲ.

ಇನ್ನೊಂದು ಮಾತನ್ನು ಹೇಳದೆ ಬಿಡಲಾಗದು. ಚಹಾದಂಗಡಿಗಳಲ್ಲಿ ದಲಿತರಿಗೆ ಪ್ರತ್ಯೇಕ ಲೋಟವನ್ನಿಡುವ ಕೆಟ್ಟ ರೂಢಿಯು ಕರ್ನಾಟಕದ ಹಲವು ಭಾಗಗಳಲ್ಲಿ ಇದ್ದುದು ಎಲ್ಲರೂ ಬಲ್ಲ ಸಂಗತಿ. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಅದನ್ನು ಶಿಕ್ಷಾರ್ಹವೆಂದು ಸಾರಿದ ಮೇಲೂ ಅದು ಒಮ್ಮೆಗೇ ಅಳಿಯಲಿಲ್ಲ. ಹೊರಗೆ ನಿಂತು ಚಹಾ ಕುಡಿಯಬೇಕಾಗಿದ್ದವನ ಮನೆಯಲ್ಲಿ ತನ್ನದೇ ಚಹಾದ ಡಬ್ಬಿ, ತನ್ನದೇ ಕಪ್ಪುಬಸಿ ಇರುವುದಕ್ಕೆ ಬೇರೊಂದು ಅರ್ಥವುಂಟು. ಬಂದವರಿಗೆ ತಾನೇ ಚಹಾ ಕಾಸಿಕೊಡುವ ಅಧಿಕಾರವು ಆ ಡಬ್ಬಿಯಲ್ಲಿರುತ್ತದೆ. ಅದನ್ನು ಕೆಡದಂತೆ ಕಾಯುವುದು ಬರಿಯ ರುಚಿಯ ಪ್ರಶ್ನೆಯಲ್ಲ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ನಾವು ಮೂರು ನಿರ್ಣಯಗಳನ್ನು ತೆಗೆಯುತ್ತೇವೆ. ಮೊದಲನೆಯದಾಗಿ, ಕೊಪ್ಪಳ ಸೀಮೆಯ ಹಳೆಯ ಸಂಗ್ರಹವಿದ್ಯೆಯು ಒಂದೇ ವಿದ್ಯೆಯಲ್ಲ. ಅದು ಬಿಸಿಲು, ಹೊಗೆ, ವಾಸನೆ, ಮುಚ್ಚಿಗೆ ಎಂಬ ಬೇರೆಬೇರೆ ತತ್ತ್ವಗಳ ಕೂಟ. ಕಾಳಿನ ವಿಷಯದಲ್ಲಿ ಈ ನಾಲ್ಕೂ ಒಂದೇ ದಿಕ್ಕಿಗೆ ಎಳೆಯುತ್ತಿದ್ದುದರಿಂದ ಅವುಗಳ ಭೇದವು ಕಾಣುತ್ತಿರಲಿಲ್ಲ. ಚಹಾ ಬಂದು ಅವನ್ನು ಬೇರ್ಪಡಿಸಿ ತೋರಿಸಿತು. ಎರಡನೆಯದಾಗಿ, ಮನೆಯೊಡತಿಯರು ಆ ಮೂರನ್ನು ಬಿಟ್ಟು ಒಂದನ್ನು ಹಿಡಿದುದು ಯಾರ ಬೋಧೆಯಿಂದಲೂ ಅಲ್ಲ. ಕೆಟ್ಟ ಚಹಾವನ್ನು ಕುಡಿದು, ಕಾರಣವನ್ನು ಹುಡುಕಿ, ಡಬ್ಬಿಯನ್ನು ಬದಲಿಸಿದ ಅನುಭವದಿಂದ. ಪ್ರಚಾರದ ಫಲಕಗಳು ಚಹಾವನ್ನು ಕಾಸುವುದನ್ನು ಕಲಿಸಿದುವು. ಒಲೆಯ ಬಳಿಯ ಗೂಡಿನಲ್ಲಿ ಅದನ್ನು ಕಾಯುವುದನ್ನು ಕಲಿಸಿದುದು ಮನೆಯೇ. ಮೂರನೆಯದಾಗಿ, ತಾಜಾತನವೆಂಬುದು ಪಾತ್ರೆಯನ್ನು ಮಾತ್ರ ಅವಲಂಬಿಸಿದುದಲ್ಲ. ಕೈಯಲ್ಲಿಯ ಹಣವನ್ನೂ ಅಂಗಡಿಯ ಪ್ರಾಮಾಣಿಕತೆಯನ್ನೂ ನೆಲದ ತೇವವನ್ನೂ ಅವಲಂಬಿಸಿದೆ.

ಇಂದು ಶೀತಕಪೆಟ್ಟಿಗೆಯು ಹಳ್ಳಿಯ ಮನೆಗಳಿಗೂ ಬಂದಿದೆ. ಎಲ್ಲವನ್ನೂ ಅದರೊಳಗಿಟ್ಟರೆ ಕೆಡುವುದಿಲ್ಲವೆಂಬ ನಂಬಿಕೆಯೂ ಜೊತೆಯಲ್ಲಿಯೇ ಬಂದಿದೆ. ಚಹಾದ ಮಟ್ಟಿಗೆ ಈ ನಂಬಿಕೆ ಸಾಧುವಲ್ಲ. ತಣ್ಣಗಿನ ಡಬ್ಬಿಯನ್ನು ಹೊರತೆಗೆದು ಮುಚ್ಚಳ ತೆರೆದೊಡನೆ ಹೊರಗಿನ ಗಾಳಿಯ ತೇವವು ಪುಡಿಯ ಮೇಲೆ ಹನಿಗಟ್ಟುತ್ತದೆ. ಪಕ್ಕದಲ್ಲಿಟ್ಟ ಸಾರಿನ ವಾಸನೆಯೂ ಸೇರುತ್ತದೆ. ಹಿಂದೆ ಬಿಸಿಲಿನ ಮೇಲೆ ಇಟ್ಟಿದ್ದ ಅತಿಯಾದ ವಿಶ್ವಾಸವೇ ಈಗ ತಣ್ಪಿನ ಮೇಲೆ ವರ್ಗವಾಗಿದೆ. ತಂಪಾದ, ಒಣಗಿದ, ಕತ್ತಲಿನ ಮೂಲೆಯಲ್ಲಿ, ಬೇರೆ ವಾಸನೆಯ ಪದಾರ್ಥಗಳಿಂದ ದೂರವಾಗಿ, ಬಿಗಿಯಾದ ಸ್ಟೀಲಿನ ಡಬ್ಬಿಯಲ್ಲಿ, ಒಂದೆರಡು ತಿಂಗಳಿಗೆ ಸಾಲುವಷ್ಟನ್ನೇ ಇಟ್ಟು, ಒಣಗಿದ ಚಮಚದಿಂದ ತೆಗೆಯುವುದಕ್ಕಿಂತ ಮೇಲಾದ ಉಪಾಯವನ್ನು ಯಾವ ಯಂತ್ರವೂ ಇನ್ನೂ ಕೊಟ್ಟಿಲ್ಲ.

ಹಗೇವುಗಳು ಈಗ ಮುಚ್ಚಿಹೋಗುತ್ತಿವೆ. ಮನೆಯ ಅಂಗಳದಲ್ಲಿ ಹಗೇವಿನ ಬಾಯಿ ಎಲ್ಲಿದ್ದಿತೆಂಬುದನ್ನು ತೋರಿಸಬಲ್ಲ ಹಿರಿಯರು ದಿನದಿನಕ್ಕೆ ಕಡಮೆಯಾಗುತ್ತಿದ್ದಾರೆ. ಗುಡಿಗಳನ್ನೂ ಶಾಸನಗಳನ್ನೂ ಸಂರಕ್ಷಿಸುವ ಆಸ್ಥೆಯ ಒಂದಂಶವಾದರೂ ಈ ಮನೆವಿದ್ಯೆಯ ಕಡೆಗೆ ತಿರುಗಬೇಕು. ಆಯಾ ಊರಿನ ಹಿರಿಯ ಹೆಣ್ಣುಮಕ್ಕಳ ಬಾಯಿಂದ ಪಾತ್ರೆಗಳ ಹೆಸರು, ಮುಚ್ಚುವ ಕ್ರಮ, ತೆರೆಯುವ ಕಾಲ, ಇಡುವ ಸ್ಥಳಗಳನ್ನು ಬರೆದುಕೊಳ್ಳುವ ಕಾರ್ಯವನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಿಂದಲೇ ಆರಂಭಿಸಬಹುದು. ಅದಕ್ಕೆ ಹೆಚ್ಚಿನ ವೆಚ್ಚವಿಲ್ಲ. ತಡಮಾಡಿದರೆ ಮಾತ್ರ ನಷ್ಟವುಂಟು.